ನಂಬರ್ ಓದದೆ ಹೆಸರಿಡಬೇಡಿ
ನಮ್ಮ ಸಮುದ್ರ ಸರ್ವೇ ಕಚೇರಿಯ ಹಿರಿಯ ಅಧಿಕಾರಿಗೆ ಸಿಡಿಮದ್ದು ಎಂದೇ ಹೆಸರು. ಯುದ್ಧಕಾಲದಲ್ಲಿ ಮುಳುಗಿದ ಜಲಾಂತರ್ಗಾಮಿಗಳನ್ನು ಸಮುದ್ರದ ತಳದಲ್ಲಿ ಹುಡುಕಿ, ಇದು ಇಂಥದ್ದೇ ಎಂದು ಗುರುತಿಸುವುದು ಅವರ ಕೆಲಸ; ಬೇರೆ ಯಾರಿಗೂ ಗುರುತಿಸಲು ಬಿಡದಿರುವುದು ಚಾಳಿ. ನೀರಿನಾಳಕ್ಕೆ ಶಬ್ದದ ಅಲೆ ಬಿಟ್ಟು ತೆಗೆದ ಸೋನಾರ್ ಚಿತ್ರದಲ್ಲಿ ಸೌತೆಕಾಯಿಯಂಥ ನೆರಳು ಕಂಡು ಯಾರಾದರೂ "ಸಿಕ್ತು ಸಾರ್" ಅಂದರೆ ಸಾಕು, ಚಹಾ ಲೋಟ ಕುಕ್ಕಿ ಎದ್ದು ನಿಲ್ಲುತ್ತಾರೆ: "ಏನ್ರೀ ಸಿಕ್ತು? ಅಷ್ಟುದ್ದದ್ದು ಹನ್ನೊಂದು ಮುಳುಗಿದಾವೆ. ಪ್ರೊಪೆಲ್ಲರ್ ಮೇಲಿನ ನಂಬರ್ ಓದಿದ್ರಾ? ಓದದೆ ಹೆಸರಿಡೋಕೆ ಇದೇನು ನಿಮ್ಮನೆ ನಾಯಿಮರೀನಾ?" ಮುಳುಗುಗಾರರು ಪಾಚಿ ಕೆರೆದು ತೆಗೆದ ಫೋಟೋದಲ್ಲಿ ಕೊನೆಯ ಅಂಕಿಯೊಂದು ಮಸುಕಾಗಿದ್ದರೂ ಅವರನ್ನು ಮತ್ತೆ ನೀರಿಗೆ ಅಟ್ಟುತ್ತಾರೆ. ಪತ್ರಿಕೆಯವರು ಫೋನ್ ಮಾಡಿದರೆ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡಿ" ಎಂದು ಗದರಿ ಇಟ್ಟುಬಿಡುತ್ತಾರೆ. ಈ ಸಿಟ್ಟಿಗೆ ನಾವೆಲ್ಲ ಬೆನ್ನ ಹಿಂದೆ ನಕ್ಕವರೇ. ಹೋದ ವಾರ ಅವರೇ ಬಾಯಿಬಿಟ್ಟರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೀ ಉದ್ದ ನೋಡಿ ಒಂದಕ್ಕೆ ಹೆಸರಿಟ್ಟು, ಆ ಹೆಸರಿನದರಲ್ಲಿದ್ದ ನಾವಿಕನ ಅಕ್ಕನಿಗೆ, ನಿಮ್ಮ ತಮ್ಮನ ಜಲಾಂತರ್ಗಾಮಿ ಸಿಕ್ಕಿದೆ ಎಂದು ಕಾಗದ ಬರೆದಿದ್ದರಂತೆ. ಆಮೇಲೆ ನೋಡಿದರೆ ನಂಬರೇ ಬೇರೆ. ತಪ್ಪೊಪ್ಪಿಕೊಳ್ಳಲು ಮನೆಗೇ ಹೋದಾಗ, ಎಂಬತ್ತು ದಾಟಿದ ಆ ಅಕ್ಕ ಬೈಯಲೇ ಇಲ್ಲವಂತೆ, "ಹಾಗಾದ್ರೆ ನಾನೀಗ ಮತ್ತೆ ಅವನ ದಾರಿ ಕಾಯೋಕೆ ಶುರು ಮಾಡ್ಬೇಕೇನಪ್ಪಾ?" ಎಂದಷ್ಟೇ ಕೇಳಿದರಂತೆ.