ಅತ್ತಿಗೆಯ ಹಲಾಸನ

ಅಂಗಾತ ಮಲಗಿದ್ದ ಅತ್ತಿಗೆ ಎರಡೂ ಕಾಲನ್ನು ಎತ್ತಿ ತಲೆಯ ಹಿಂದಕ್ಕೆ ಇಳಿಸಿದಾಗ ಅವಳ ಕಾಲುಂಗುರ ಹಾಸುಗಲ್ಲಿಗೆ ತಗುಲಿ ಸಣ್ಣಗೆ ಸದ್ದಾಯಿತು. ನನ್ನ ಬೆರಳು ಹಾಗೆ ನೆಲ ಮುಟ್ಟಲು ಪುಣೆಯಲ್ಲಿ ಒಂದು ಮಳೆಗಾಲ ಪೂರ್ತಿ ಬೇಕಾಗಿತ್ತು. ಅತ್ತಿಗೆಗೆ ಅದು ಮೊದಲ ಪ್ರಯತ್ನ.

"ಇಷ್ಟ ಏನಬೇ?" ಎಂದು ಮಡಚಿದ ಗಂಟಲಿನಿಂದಲೇ ಕೇಳಿದಳು.

ಇಷ್ಟೇ ಎಂದೆ. ಉಸಿರು ತಪ್ಪಾಗಿದೆ ಎಂದೂ ಸೇರಿಸಿದೆ. ಉಸಿರು ನಿಜವಾಗಿಯೂ ತಪ್ಪಾಗಿತ್ತು.

ಪುಣೆಯಲ್ಲಿ ಬಿ.ಎ. ಓದುತ್ತಿದ್ದಾಗ ಹಾಸ್ಟೆಲಿನ ಹತ್ತಿರದ ಹೆಣ್ಣುಮಕ್ಕಳ ವ್ಯಾಯಾಮಶಾಲೆಯಲ್ಲಿ ನಾನು ಆಸನ ಕಲಿತಿದ್ದೆ. ಕೊಪ್ಪಳಕ್ಕೆ ಮರಳುವಾಗ ನನ್ನ ಗುರುಗಳು, ಊರಿನ ಹೆಂಗಸರಿಗೆ ನೀನೂ ಕಲಿಸು ಎಂದು ಹೇಳಿ ಕಳಿಸಿದ್ದರು. ಆ ಆಸೆಯೊಂದನ್ನು ಬಿಟ್ಟರೆ ಮನೆಯಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ. ಪಡಸಾಲೆಯ ಪಕ್ಕದ ಖೋಲಿಯನ್ನು ಕೇಳಿದಾಗ ಅಪ್ಪ, "ಶೇಂಗಾ ಬರೂತನಕ ಮಾಡು. ಮಂದಿ ಬಂದ್ರ ಖೋಲಿ ನಿಂದ. ಬರಲಿಲ್ಲಂದ್ರ ಚೀಲ ಒಟ್ಟಸ್ತೀನಿ," ಎಂದರು. ಮಂದಿ ಬರುವುದಿಲ್ಲ ಎಂದು ಅವರು ಆಗಲೇ ತೀರ್ಮಾನಿಸಿದಂತಿತ್ತು.

ಪುಣೆಯಲ್ಲಿ ತರಗತಿ ನಡೆಯುತ್ತಿದ್ದದ್ದು ಸಂಜೆ, ಹೊಟ್ಟೆ ಖಾಲಿ ಇರುವ ಹೊತ್ತಿಗೆ. ನಾನೂ ಸಂಜೆಗೇ ಕರೆದೆ. ಮೊದಲ ದಿನ ಓಣಿಯ ಹೆಂಗಸರು ಖೋಲಿ ತುಂಬ ಬಂದರು, ಆಸನಕ್ಕಿಂತ ಹೆಚ್ಚಾಗಿ ನನ್ನನ್ನು ನೋಡಲು. ಕಲಿತದ್ದನ್ನು ಕಲಿತ ಕ್ರಮದಲ್ಲೇ ಹೇಳುತ್ತಾ ಹೋದೆ. ನನ್ನ ಧ್ವನಿ ನನಗೇ ಪಾಠ ಒಪ್ಪಿಸಿದ ಹಾಗೆ ಕೇಳುತ್ತಿತ್ತು. ಕೊನೆಯಲ್ಲಿ ಕಣ್ಣು ಮುಚ್ಚಿ ಮಲಗಿರಿ ಎಂದಾಗ ಒಳಗೆ ಅವ್ವ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಎದುರುಮನೆಯ ದೊಡ್ಡವ್ವ ಮಲಗದೆ ಹಾಗೆಯೇ ಕೂತಿದ್ದಳು.

"ದೀಪ ಹಚ್ಚೂ ಹೊತ್ತಿನ್ಯಾಗ ಹೆಣ್ಮಕ್ಳು ಅಡ್ಡಾಗ್ತಾರೇನ್ರಿ ಅಕ್ಕೋರ? ಲಕ್ಷ್ಮಿ ಬಾಗಲಾಗ ಬಂದು ನೋಡಿ, ಇಲ್ಲೆ ಎಲ್ಲಾರೂ ಬ್ಯಾನಿ ಬಿದ್ದಾರ ಅಂತ ಹೊಳ್ಳಿ ಹೋಗ್ತಾಳ."

ಎಲ್ಲರೂ ನಕ್ಕರು, ಸೆರಗು ಸರಿಮಾಡಿಕೊಂಡು ಎದ್ದರು. ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಇದ್ದವಳಿಗೆ ಆ ಹೊತ್ತಿನ ನೇಮವೇ ಮರೆತುಹೋಗಿತ್ತು. ನರಗಳಿಗೆ ವಿಶ್ರಾಂತಿ ಬೇಕು ಎಂದು ವಿವರಿಸಿದೆ. ಗೌರವದಿಂದ ಕೇಳಿದರು, ಮರುದಿನದಿಂದ ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಹೊತ್ತು ಬದಲಿಸೋಣವೆಂದರೆ ಅದಕ್ಕೂ ಮುಂಚೆ ಅವರು ಹೊಲದಲ್ಲಿರುತ್ತಿದ್ದರು, ಮಧ್ಯಾಹ್ನ ಮನೆಗೆ ಬಂದರೂ ಹೊಟ್ಟೆ ತುಂಬಿರುತ್ತಿತ್ತು. ತಡವಾಗಿ ಸೇರಿದರೆ ದೀಪ ಬೇಕು, ಯುದ್ಧದ ಕಾಲದಲ್ಲಿ ಸೀಮೆಎಣ್ಣೆ ಸಿಗುವುದೇ ಕಷ್ಟ.

ಆಗ ಅತ್ತಿಗೆ ತಾನೇ ಕಲಿಯುತ್ತೇನೆ ಎಂದಳು. ಅವಳು ಗಂಗಾವತಿ ಕಡೆಯವಳು, ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದ ಮೈ. ಕಳೆ ತೆಗೆಯಲು ಹೊರಟವಳ ಹಾಗೆ ಸೀರೆಗೆ ಕಚ್ಚೆ ಹಾಕಿ, ನಾನು ತೋರಿಸಿದ್ದನ್ನೆಲ್ಲ ಅಂದಂದೇ ಮಾಡಿದಳು. ಮಾಡಿ ಸುಮ್ಮನಿರಲಿಲ್ಲ. ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ ನಮ್ಮ ಹಿತ್ತಲಿಗೆ ಜೋಳ ಹಸನು ಮಾಡಲು ಬರುವ ಹೆಂಗಸರಿಗೂ ತೋರಿಸಿದಳು. ಕೇರುವ ಮರಗಳನ್ನು ಬದಿಗಿಟ್ಟು ಅವರೂ ಬಗ್ಗಿದರು. ಖೋಲಿಯ ಕಿಟಕಿಯಿಂದ ನನಗೆ ಎಲ್ಲವೂ ಕಾಣುತ್ತಿತ್ತು. ಭುಜಂಗಾಸನವನ್ನು ಅತ್ತಿಗೆ ಹಾವು ಅನ್ನುತ್ತಿದ್ದಳು, ಪವನಮುಕ್ತಾಸನಕ್ಕೆ ಅವಳು ಇಟ್ಟ ಹೆಸರನ್ನು ಇಲ್ಲಿ ಬರೆಯಲಾರೆ. ಅದನ್ನು ಕೇಳಿ ದೊಡ್ಡವ್ವ ನಕ್ಕು ನಕ್ಕು ಕೆಮ್ಮಿದಳು.

ಅವಳನ್ನು ಅವರು "ಬಾರಬೇ, ತೋರಸಬೇ" ಎಂದು ಕರೆಯುತ್ತಿದ್ದರು. ನನಗೆ ಮಾತ್ರ, ಶಾಲೆಯ ಟೀಚರಿಗೆ ಹೇಳುವ ಹಾಗೆ, "ಹೌದ್ರಿ ಅಕ್ಕೋರ". ಅವಳ ಸೊಂಟದ ಮೇಲೆ ಕೈಯಿಟ್ಟು, ಇನ್ನೂ ಬಗ್ಗು ಎಂದು ಒತ್ತುತ್ತಿದ್ದರು. ನನ್ನ ಹತ್ತಿರ ಬಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ರಾತ್ರಿ ಅಣ್ಣ ಊಟಕ್ಕೆ ಕೂತಾಗ, ನಮ್ಮ ಮನೆಯಲ್ಲಿ ಈಗ ಇಬ್ಬರು ಅಕ್ಕೋರು ಎಂದು ಹೆಂಡತಿಯನ್ನು ನೋಡಿ ನಕ್ಕ. ಕಲಿಸುವ ವಿದ್ಯೆ ನನ್ನದು, ಕಲಿಯುವ ಮಂದಿ ಅವಳವರು. ಎರಡನ್ನೂ ಕೂಡಿಸುವ ದಾರಿ ಅವಳು ಯೋಚಿಸದೇ ಸಿಕ್ಕಿದೆ ಎಂಬುದೇ ನನ್ನನ್ನು ಹೆಚ್ಚು ಸುಡುತ್ತಿತ್ತು.

ಉಂಡ ಹೊಟ್ಟೆಯಲ್ಲಿ ಮಾಡಬಾರದು ಎಂದು ಅತ್ತಿಗೆಗೆ ಮೊದಲೇ ಹೇಳಿದ್ದೆ. ಅವರಿಗೆ ಬೇರೆ ಹೊತ್ತು ಎಲ್ಲಿದೆ ಎಂದು ಅವಳು ಕೇಳಿದ್ದಳು. ಒಂದು ಮಧ್ಯಾಹ್ನ ದೊಡ್ಡವ್ವನ ಸೊಸೆ, ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯವಳು, ಹೊಟ್ಟೆ ತುಂಬ ಉಂಡು ಬಂದು ಮುಂದಕ್ಕೆ ಬಗ್ಗಿದವಳು ಅಲ್ಲೇ ವಾಂತಿ ಮಾಡಿಕೊಂಡು ಸಂಜೆಯವರೆಗೆ ಮಲಗಿದಳು. ದೂರು ಅಪ್ಪನ ತನಕ ಬಂತು, ಅದೂ ನನ್ನ ಹೆಸರಿನಲ್ಲಿ. ಅತ್ತಿಗೆ ಪಾಪ, ಅಕ್ಕೋರು ಹೇಳಿಕೊಟ್ಟಂತೆ ಮಾಡಿಸಿದಳು, ತಪ್ಪು ಪುಣೆಯ ವಿದ್ಯೆಯದು ಎಂದು ಓಣಿಯೆಲ್ಲ ಮಾತಾಡಿತು. ಅಪ್ಪ ನನ್ನನ್ನು ಬೈಯಲಿಲ್ಲ. ಖೋಲಿಯ ಮೂಲೆಯಲ್ಲಿ ಇಲಿಯ ಬಿಲ ಇದೆಯೇ ಎಂದು ಮಾತ್ರ ನೋಡಿಸಿದರು. ಚೀಲ ಇಡುವ ಮೊದಲು ನೋಡಿಸುವುದು ಅದನ್ನೇ.

ಸೊಸೆಯನ್ನು ನೋಡಿ ಬರಲು ಎದುರುಮನೆಗೆ ಹೋದೆ. ಯಾರ ಮನೆಗೂ ಕರೆಯದೆ ಹೋಗುವವಳಲ್ಲ ನಾನು. ಅಂದು ಶ್ರಾವಣದ ಮೊದಲ ಸೋಮವಾರ. ಮಧ್ಯಾಹ್ನವಾಗಿದ್ದರೂ ಒಲೆ ತಣ್ಣಗಿತ್ತು. ಎತ್ತುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದವು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಶ್ರಾವಣದಲ್ಲಾದರೆ ಆ ದಿನ ಹೆಂಗಸರು ರಾತ್ರಿಯವರೆಗೆ ಉಣ್ಣುವುದೂ ಇಲ್ಲ. ದೊಡ್ಡವ್ವ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು, ಸೊಸೆಯೂ ಚೇತರಿಸಿಕೊಂಡು ಪಕ್ಕದಲ್ಲಿ ಕೂತಿದ್ದಳು. ಹೊಲವಿಲ್ಲ, ಊಟವಿಲ್ಲ, ದೀಪ ಹಚ್ಚಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಈ ಮಾತು ಅತ್ತಿಗೆಗೆ ಹೊಳೆದಿರಲಿಲ್ಲ. ಅದು ನನಗೆ ಎಷ್ಟು ಹಿತವಾಯಿತೆಂದರೆ, ಸೊಸೆಯ ಆರೋಗ್ಯ ವಿಚಾರಿಸುವುದನ್ನೂ ಮರೆತು, ಈಗಲೇ ಬನ್ನಿ ಎಂದುಬಿಟ್ಟೆ.

ದೊಡ್ಡವ್ವ ಮೊದಲು ಸೊಸೆಯ ಮುಖ ನೋಡಿದಳು. "ಖಾಲಿ ಹೊಟ್ಟಿ ಐತಿ, ಕಾರಾಕ ಏನೂ ಇಲ್ಲ. ನಡೀರಿ," ಎಂದಳು.

ಉಳಿದವರನ್ನು ಓಡಾಡಿ ಕರೆದು ತಂದದ್ದು ಅತ್ತಿಗೆ. ಖೋಲಿ ಮತ್ತೆ ತುಂಬಿತು. ನಾನು ನಿಧಾನವಾಗಿ ಹೇಳಿದೆ. ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ಬಿಡಬೇಕು ಎಂದು ಒಬ್ಬೊಬ್ಬರ ಬೆನ್ನ ಮೇಲೆ ಕೈಯಿಟ್ಟು ತೋರಿಸಿದೆ. ಕೊನೆಗೆ ಮಲಗಿದಾಗ ಯಾರೂ ಏಳಲಿಲ್ಲ, ದೊಡ್ಡವ್ವ ಗೊರಕೆಯನ್ನೂ ಹೊಡೆದಳು. ಆದರೆ ನಾನು ಹೇಳಿದ ಪ್ರತಿ ಮಾತಿಗೂ ಅವರ ಕಣ್ಣು ಅತ್ತಿಗೆಯ ಕಡೆಗೇ ತಿರುಗುತ್ತಿತ್ತು. ಅವಳು ಮಾಡಿದರೆ ಮಾಡುವರು. ಅವಳಿಲ್ಲದೆ ನಾನು ಕಲಿಸಬಲ್ಲೆನೇ ಎಂಬುದು ಅಂದೂ ಗೊತ್ತಾಗಲಿಲ್ಲ.

ನಾಗರ ಪಂಚಮಿ ಹತ್ತಿರ ಬಂದಿತ್ತು. ಮರುದಿನ ಸಂಜೆ ಅತ್ತಿಗೆಯನ್ನು ತವರಿಗೆ ಕರೆದೊಯ್ಯಲು ಅವಳ ಅಣ್ಣ ಚಕ್ಕಡಿ ತಂದ. ಗಂಟು ಕಟ್ಟುತ್ತಾ ಅವಳು, ಅಲ್ಲಿ ತನ್ನ ಗೆಳತಿಯರಿಗೂ ಹಲಾಸನ ತೋರಿಸುವೆ ಎಂದಳು. ಅದೂ ನನಗೆ ಚುಚ್ಚಿತು. ಆಮೇಲೆ ನನ್ನ ಮುಖ ನೋಡಿ, "ನಾ ಇಲ್ಲಂತ ಸೋಮವಾರ ಖೋಲಿ ಬಾಗಲಾ ಹಾಕಬ್ಯಾಡಬೇ," ಎಂದಳು.

"ನಿನ್ನ ಮಂದಿ ನಾ ಕರದ್ರ ಬರ್ತಾರೇನು?" ಎಂದೆ. ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು ಮಾತು.

ಅವಳ ಕೈ ಗಂಟಿನ ಮೇಲೆ ನಿಂತಿತು. "ನನ್ನ ಮಂದಿ ಎಲ್ಲಿ ಇರ್ತಾರ? ಸೊಸಿದೇರೆಲ್ಲಾ ನನ್ಹಂಗ ತವರಿಗೆ ಹೊಂಟಾರ," ಎಂದಳು.

ರಾತ್ರಿ ಅದನ್ನೇ ಯೋಚಿಸಿದೆ. ಸೊಸೆಯರು ಹೋದರೆ ಓಣಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಬರುತ್ತಾರೆ, ಕುಷ್ಟಗಿಯಿಂದ, ಯಲಬುರ್ಗಾದಿಂದ, ಪಂಚಮಿಯ ಜೋಕಾಲಿ ಆಡಲು. ನಾನು ಪುಣೆಗೆ ಹೋಗುವ ಮೊದಲು ನನ್ನ ಜೊತೆ ಆಡಿದವರು. ಅವರಲ್ಲಿ ಯಾರೂ ಅತ್ತಿಗೆಯ ಆಸನವನ್ನು ನೋಡಿದವರಲ್ಲ.

ಮರುದಿನ ಬೆಳಿಗ್ಗೆ ಚಕ್ಕಡಿ ಓಣಿ ದಾಟಿದ ಮೇಲೆ ನಾನು ಸೀರೆಗೆ ಕಚ್ಚೆ ಹಾಕಿ ನೋಡಿಕೊಂಡೆ. ಮೊದಲ ಸಲ ಸಡಿಲಾಯಿತು, ಬಿಚ್ಚಿ ಮತ್ತೆ ಹಾಕಿದೆ. ಹಾಗೆಯೇ ಎದುರುಮನೆಗೆ ನಡೆದೆ. ದೊಡ್ಡವ್ವ ಬಾಗಿಲು ಸಾರಿಸುತ್ತಿದ್ದಳು. ಮಗಳು ಎಂದು ಬರುತ್ತಾಳೆ ಎಂದು ಕೇಳಿದೆ, ಸೋಮವಾರ ಅವಳನ್ನು ಖೋಲಿಗೆ ಕಳಿಸಲು ಹೇಳಿದೆ. ಆಮೇಲೆ ಅದರ ಪಕ್ಕದ ಬಾಗಿಲು ತಟ್ಟಿದೆ.