ಡ್ಯೂಟಿ ಬಟ್ಟೆ

ನಮ್ಮ ದೊಡ್ಡಮ್ಮ ಕಾರ್ಖಾನೆಯ ಗೇಟಿನೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಕಾರ್ಖಾನೆಯೇ ದಿನಾ ಸಂಜೆ ಅವಳ ಹಿತ್ತಲಿಗೆ ಬರುತ್ತಿತ್ತು, ದೊಡ್ಡಪ್ಪನ ಖಾಕಿ ಬಟ್ಟೆಯಲ್ಲಿ. ಅವನು ಅಲ್ಲಿ ಚಾವಣಿಗೆ ಹೊದಿಸುವ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಶೀಟು ಕತ್ತರಿಸುತ್ತಿದ್ದ. ಮೊದಲು ಸಮವಸ್ತ್ರ ಒಗೆಯಲು ಕಾರ್ಖಾನೆಯಲ್ಲೇ ಜನರಿದ್ದರು. ಖರ್ಚು ಜಾಸ್ತಿಯೆಂದು ಆ ಏರ್ಪಾಡು ನಿಲ್ಲಿಸಿ, ನೌಕರರಿಗೆ ತಿಂಗಳಿಗೊಂದು ಪೊಟ್ಟಣ ಸೋಪಿನ ಪುಡಿ ಕೊಟ್ಟು ಧಣಿಗಳು ಕೈತೊಳೆದುಕೊಂಡರು.

ಧೂಳಿನ ಬಟ್ಟೆಯನ್ನು ಹಾಗೇ ನೆನೆಸಿದರೆ ಬಚ್ಚಲ ಕಿಂಡಿ ಕಟ್ಟಿಕೊಳ್ಳುತ್ತಿತ್ತು. ಕಟ್ಟಿಕೊಂಡರೆ ದೊಡ್ಡಪ್ಪ ಮನೆ ತಲೆಮೇಲೆ ಹೊತ್ತುಕೊಳ್ಳುತ್ತಿದ್ದ. ಅದಕ್ಕೇ ದೊಡ್ಡಮ್ಮ ಅಂಗಿ, ಪ್ಯಾಂಟು ಎರಡನ್ನೂ ಹಿತ್ತಲ ಮೆಟ್ಟಿಲಿಗೆ ಬಡಿದು ಕೊಡವುವಳು. ಅವಳ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗುತ್ತಿತ್ತು.

"ನಿಮ್ಮ ದೊಡ್ಡಮ್ಮಂಗೆ ಪುಕ್ಕಟೆ ಪೌಡರು ನೋಡು," ಎಂದು ದೊಡ್ಡಪ್ಪ ನಗುತ್ತಿದ್ದ. ನಾನೂ ಹಲ್ಲು ಕಿಸಿಯುತ್ತಿದ್ದೆ. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಐವತ್ತೆಂಟಕ್ಕೆ ಅವಳಿಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಎಕ್ಸ್‌ರೇ ನೋಡಿದ ಡಾಕ್ಟರು ದೊಡ್ಡಪ್ಪನ ಕಡೆ ತಿರುಗಿ, "ನೀವು ಯಾವ ಕಾರ್ಖಾನೇಲಿದ್ರಿ?" ಎಂದರು.

"ಹುಷಾರಿಲ್ದೆ ಇರೋದು ಇವಳಿಗೆ."

"ಗೊತ್ತು. ಇದು ನಿಮ್ಮ ಬಟ್ಟೆ ಧೂಳಿನ ಕಾಯಿಲೆ."

ದೊಡ್ಡಪ್ಪ ಮಾತ್ರ ಗುಂಡುಕಲ್ಲಿನ ಹಾಗಿದ್ದ. ಕೆಲಸದ ಹೊತ್ತು ಅವನ ಮೂಗಿಗೆ ಕಾರ್ಖಾನೆಯ ಮಾಸ್ಕಿತ್ತು.

ದೊಡ್ಡಮ್ಮನಿಗೆ ಆಕ್ಸಿಜನ್ ಮಷೀನು ಬೇಕಿತ್ತು. ಧೂಳಿನ ಕಾಯಿಲೆಯ ಕಾರ್ಮಿಕರಿಗೆ ಕಾರ್ಮಿಕ ಮಂಡಳಿಯೇ ಅದನ್ನು ಮನೆಗೆ ಕಳಿಸುತ್ತಿತ್ತು. ಅವಳ ಪರವಾಗಿ ಅರ್ಜಿ ನಾನೇ ಬರೆದೆ. ವಿಚಾರಣೆಯಲ್ಲಿ ಅಧಿಕಾರಿ, "ಇವರು ಕಾರ್ಮಿಕರಲ್ಲವಲ್ಲಮ್ಮ," ಎಂದರು. ಸೋಪಿನ ಪುಡಿಯ ವಿಷಯ ಎತ್ತಿದೆ.

"ಪುಡಿ ಕೊಟ್ಟಿದ್ದು ನೌಕರರಿಗೆ, ಅವರ ಹೆಂಡತಿಯರಿಗಲ್ಲ," ಎಂದವರು ದೊಡ್ಡಪ್ಪನನ್ನು ಕೇಳಿದರು, "ನಿಮ್ಮ ಬಟ್ಟೆ ಯಾರು ಒಗೀತಿದ್ರು?"

ಒಂದೇ ಒಂದು ಮಾತು ಸಾಕಿತ್ತು. ಎದುರಿಗೆ ಕಾರ್ಖಾನೆಯ ಮ್ಯಾನೇಜರು ಕೂತಿದ್ದ. ಹಳೆಯ ಸಾಹೇಬರೆಂಬ ದಾಕ್ಷಿಣ್ಯವೋ ಏನೋ, ದೊಡ್ಡಪ್ಪ ಅವಳ ಹೆಸರೆತ್ತಲಿಲ್ಲ.

"ಅದೆಲ್ಲ ಮನೇಲಿ ಆಗ್ತಿತ್ತು ಸಾರ್."

"ನಿಮ್ಮ ಹೆಂಡತಿ ಏನು ಕೆಲಸ ಮಾಡ್ತಿದ್ರು?"

"ಏನಿಲ್ಲ. ಮನೇಲೇ ಇದ್ಲು."

ಅರ್ಜಿ ವಜಾ ಆಯಿತು. ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ ನನ್ನ ಕೈ ಹಿಡಿದು, "ಸುಳ್ಳೇನೂ ಹೇಳ್ಲಿಲ್ಲ ಬಿಡು, ನಾನು ಮನೇಲೇ ಇದ್ನಲ್ಲ," ಎಂದಳು. ನನಗೆ ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತದೆ. ಏಳು ತಿಂಗಳು ದಿಂಬಿಗೊರಗಿ ಕೂತೇ ನಿದ್ದೆ ಮಾಡಿ, ಒಂದು ಮಧ್ಯಾಹ್ನ ಅವಳು ಹೋದಳು.

ಹೆಂಡತಿ ಸತ್ತ ನೌಕರನಿಗೆ ಅದೇ ಮಂಡಳಿ ಪರಿಹಾರ ಕೊಡುತ್ತದೆಂದು ಆಮೇಲೆ ತಿಳಿಯಿತು. ಕಾರಣ, "ಮನೆಗೆಲಸದ ನೆರವು ತಪ್ಪಿದ್ದಕ್ಕೆ". ತೀರಿಕೊಂಡವಳು ಮಾಡುತ್ತಿದ್ದ ಕೆಲಸಗಳನ್ನೆಲ್ಲ ಬರೆಯಬೇಕು. ದೊಡ್ಡಪ್ಪ ಫಾರಂ ಹಿಡಿದು ನನ್ನ ಹತ್ತಿರವೇ ಬಂದ.

"ನಾ ಹೇಳ್ತೀನಿ, ನೀ ಬರ್ಕೊ. ಮೊದಲು ಡ್ಯೂಟಿ ಬಟ್ಟೆ ಒಗೆಯೋದು ಹಾಕು. ದಿನಾ ಅಂತ ಸೇರಿಸು."

ಕೊಟ್ಟ ಜಾಗ ಸಾಲದೆ ಪಟ್ಟಿ ಹಾಳೆಯ ಹಿಂಬದಿಗೂ ಹೋಯಿತು. ಒಂದನ್ನೂ ಅವನು ಮರೆತಿರಲಿಲ್ಲ. ನಾನು ಪೆನ್ನು ಕೆಳಗಿಟ್ಟು, "ಇದನ್ನ ಅವತ್ತು ಯಾಕೆ ಹೇಳ್ಲಿಲ್ಲ ದೊಡ್ಡಪ್ಪ?" ಎಂದೆ.

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ಆಗ ಮಾಡೋಕೆ ಅವಳಿದ್ಲಲ್ಲ," ಎಂದ.