ಮುಳ್ಳುಬೇಲಿಗೆ ಬೆನ್ನು ಕೊಟ್ಟು ನಿಂತವನು

ಆಲಮೇಲದ ಬಸ್ ಸ್ಟ್ಯಾಂಡಿನ ಮುಂದೆ ಕಬ್ಬಿನ ಹಾಲಿನ ಅಂಗಡಿಯವ ಟೆಂಪೋದಿಂದ ಬರ್ಫದ ಗಡ್ಡೆ ಇಳಿಸುತ್ತಿದ್ದ. ಗೋಣಿತಟ್ಟು ಸುತ್ತಿದ ಗಡ್ಡೆ ಅವನ ಕೈಜಾರಿ ಬಿತ್ತು. ಒಂದು ಚೂರು ಒಡೆದು ಸಿಮೆಂಟಿನ ಕಟ್ಟೆಯ ಮೇಲೆ ಸರ್ರನೆ ಜಾರಿ ಬಂದು ನನ್ನ ಕಾಲಿಗೆ ಬಡಿದು ನಿಂತಿತು. ಹಸಿ ಗೋಣಿಯ ವಾಸನೆ ಮೂಗಿಗೆ ಹತ್ತಿತು. ನಮ್ಮೂರ ಬಸ್ಸು ಬಂದು ಹಾರ್ನ್ ಹೊಡೆದರೂ ನಾನು ಏಳಲಿಲ್ಲ. ಮೈದುನ ನೆನಪಾಗಿದ್ದ.

ಅವ ನನ್ನ ಗಂಡನ ತಮ್ಮ. ನಾನು ಮದುವೆಯಾಗಿ ದೇವಣಗಾಂವಕ್ಕೆ ಬಂದಾಗ ಚಡ್ಡಿ ಹಾಕಿಕೊಂಡು ಸಾಲಿಗೆ ಹೋಗುತ್ತಿದ್ದ. ಆಮೇಲೆ ಮಿಲಿಟರಿ ಸೇರಿದ. ಲಡಾಖಿಗೆ ಹಾಕಿದರು. ಅಲ್ಲಿ ಚಳಿಗಾಲಕ್ಕೆ ಕೆರೆಯೆಲ್ಲ ಕಲ್ಲಾಗುತ್ತದಂತೆ, ಜವಾನರು ಅದರ ಮೇಲೆ ಕೋಲು ಹಿಡಿದು ಐಸ್ ಹಾಕಿ ಎಂಬ ಆಟ ಆಡುತ್ತಾರಂತೆ. ಇವನ ಮೈಕಟ್ಟು ನೋಡಿ ಗೋಲು ಕಾಯಲು ನಿಲ್ಲಿಸಿದರು. ಬಹಳ ವರ್ಷ ಆಡಿದ. ಒಂದು ಚಳಿಗಾಲ ಎಡ ಮೊಣಕಾಲು ತಿರುಚಿತು. ಕೊಯ್ದರು, ಹೊಲಿದರು. ಇನ್ನು ಆಟಕ್ಕೆ ಬೇಡ ಎಂದು ತಂಡದಿಂದ ತೆಗೆದರು. ನೌಕರಿ ಮುಗಿಸಿ ಊರಿಗೆ ಬಂದಾಗ ಸಣ್ಣಗೆ ಕುಂಟುತ್ತಿದ್ದ. ಅವನ ಹೆಂಡತಿ ಮೊದಲೇ ತೀರಿಕೊಂಡಿದ್ದಳು. ನಮ್ಮ ಜೊತೆಗೇ ಉಳಿದ.

ಊರವರು ಬಿಡುತ್ತಾರೆಯೇ? "ಗಡಿ ಕಾಯಾಕ ಹೋದಾವ ಬರ್ಫದ ಮ್ಯಾಲ ಚಿಣಿಫಣಿ ಆಡಿ ಕಾಲು ಮುರಕೊಂಡು ಬಂದಾನ" ಎಂದರು. ಬೂಟಿಗೆ ಕತ್ತಿಯಂಥ ಪಟ್ಟಿ ಇರುತ್ತದೆ, ಅದರ ಮೇಲೆ ನಿಂತು ಓಡುತ್ತಾರೆ ಎಂದು ಇವ ಒಮ್ಮೆ ಹೇಳಿದ್ದ. ಅಂದಿನಿಂದ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಅದೇ ನಗೆ. ಇವ ಕಟ್ಟೆಗೆ ಹೋಗುವುದು ಬಿಟ್ಟ. ಹಗಲೆಲ್ಲ ಕೊಟ್ಟಿಗೆಯ ಬಾಗಿಲಲ್ಲಿ ಕೂತು ದನ ನೋಡುವುದೇ ಕೆಲಸ.

"ನಿನ್ನ ಮಾರಿ ನೋಡಿ ನೋಡಿ ದನಾನೂ ಬ್ಯಾಸತ್ತಾವ. ಇತ್ತಾಗ ಬಂದು ಕುಂಡ್ರು" ಎಂದು ಒಲೆಯ ಹತ್ತಿರ ಕರೆದೆ. ನಾನು ರೊಟ್ಟಿ ಬಡಿಯುತ್ತಿದ್ದರೆ ಅವ ತನ್ನ ವಸ್ತಾದನ ಕಥೆ ಹೇಳುತ್ತಿದ್ದ. ಗರಡಿ ಮನೆಯಲ್ಲಿ ಕುಸ್ತಿ ಕಲಿಸುವವನಿಗೆ ನಾವು ವಸ್ತಾದ ಅನ್ನುತ್ತೇವಲ್ಲ, ಹಾಗೆ. ಈ ವಸ್ತಾದ ಸ್ವೀಡನ್ ದೇಶದವ, ಲಡಾಖಿಗೆ ಬರ್ಫದ ಆಟ ಕಲಿಸಲು ಬಂದಿದ್ದವ. ಮನೆ ಮುಂದಿನ ಕೆರೆಯ ಮೇಲೆ ನಡೆಯಲು ಕಲಿಯುವಾಗಲೇ ಜಾರಲೂ ಕಲಿತನಂತೆ. ಮೀಸೆ ಮೂಡುವ ಹೊತ್ತಿಗೆ ದೊಡ್ಡ ಊರಿನ ತಂಡದವರು ಒಯ್ದರು. ಅವರಿಂದ ಇನ್ನೊಂದು ಊರಿನವರು ಕೊಂಡರು. ಅಲ್ಲಿಂದ ಸಮುದ್ರ ದಾಟಿಸಿದರು.

"ಅಂದ್ರ ಎತ್ತಿನ ವ್ಯಾಪಾರನ ಅನ್ನು" ಎಂದೆ.

"ಹಂಗ ವೈನಿ. ಹಲ್ಲು ನೋಡಿ ಕೊಳ್ಳೂದು ಒಂದು ಇಲ್ಲ. ಅವಂಗ ಮುಂದಿನ ಹಲ್ಲ ಇರಲಿಲ್ಲ."

ಯಾರೋ ಕೋಲು ಬೀಸಿ ಉದುರಿಸಿದ್ದರಂತೆ. ಕಟ್ಟಿಸಿದ ಹಲ್ಲನ್ನು ತೆಗೆದು ಜೇಬಿನಲ್ಲಿಟ್ಟು ಆಡುತ್ತಿದ್ದನಂತೆ. ವಯಸ್ಸಾಗಿ ಕಾಲು ಕೈಕೊಟ್ಟಾಗ ದೊಡ್ಡ ತಂಡದವರು ಸಾಕು ಹೋಗು ಅಂದರು. ಅವ ಹೋದ, ಆದರೆ ಮನೆಗಲ್ಲ. ಹುಟ್ಟಿದೂರಿನ ಸಣ್ಣ ತಂಡ ಸೇರಿದ. ಮುದುಕ, ಮುದುಕ ಎಂದು ನೆರೆಯವರೇ ಕೂಗಿದರೂ ಆಡಿದ.

"ಸಾಕು ಅನ್ನೂದು ಆಡಾಂವ ಅನಬೇಕು, ನೋಡೋ ಮಂದಿ ಅಲ್ಲ ಅಂತಿದ್ದ" ಎಂದು ಹೇಳಿ ಮೈದುನ ಒಲೆಯ ಕಟ್ಟಿಗೆ ಒಳಗೆ ತಳ್ಳುತ್ತಿದ್ದ. ಇವನಿಗೆ ಸಾಕು ಅಂದಿದ್ದು ಬೇರೆಯವರು...

ಬರ್ಫದ ಮೈದಾನ ಹೇಗೆ ಮಾಡುತ್ತಾರೆ ಎಂದು ಒಂದು ಸಲ ಕೇಳಿದೆ. ನೆಲ ಸಮ ಮಾಡಿ ತೆಳ್ಳಗೆ ನೀರು ಬಿಡುವುದು, ಅದು ಬಿಗಿದ ಮೇಲೆ ಇನ್ನೊಂದು ಪದರು, ಅದರ ಮೇಲೆ ಮತ್ತೊಂದು ಎಂದ. "ಕಣಾ ಮಾಡಿದಂಗ" ಎಂದೆ ನಾನು. ನಾವೂ ಅಷ್ಟೇ, ಗರಸು ಹಾಕಿ, ನೀರು ಹೊಡೆದು, ಕಲ್ಲಿನ ರೂಲು ಎಳೆದು, ಪದರು ಪದರಾಗಿ ಸಗಣಿ ಸಾರಿಸುತ್ತೇವೆ. ಒಣಗಿದರೆ ಬೆರಳಿನಿಂದ ಬಡಿದರೂ ಟಣ್ ಅನ್ನಬೇಕು. ಅವ ನನ್ನ ಮುಖವನ್ನೇ ನೋಡಿದ. ಕೈಯಲ್ಲಿದ್ದ ರೊಟ್ಟಿ ಪರಾತದಲ್ಲಿ ಇಟ್ಟು ಎದ್ದು ಹೋದ.

ಬೆಳಗಾವಿಯಿಂದ ಗಾಲಿ ಹಚ್ಚಿದ ಬೂಟು ತಂದ. ಟ್ರ್ಯಾಕ್ಟರ್ ಟಾಯರು ಕೊಯ್ದು ರಬ್ಬರಿನ ಬಿಲ್ಲೆ ಮಾಡಿದ. ಬರ್ಫದ ಆಟದಲ್ಲಿ ಚೆಂಡು ಇಲ್ಲ, ಬಿಲ್ಲೆ. ರಾಶಿ ಮುಗಿದು ಕಣ ಖಾಲಿ ಬಿದ್ದಿತ್ತು. ಮೊದಲ ದಿನ ಗಾಲಿ ಸಿಕ್ಕಿಕೊಂಡು ಮಕಾಡೆ ಬಿದ್ದ. ಮತ್ತೆ ರೂಲು ಎಳೆದ. ನಾಲ್ಕು ದಿನಕ್ಕೆ ನನ್ನ ಮಗಳು, ಅವಳ ಗೆಳತಿಯರು ಕೋಲು ಹಿಡಿದು ಕಣಕ್ಕೆ ಇಳಿದರು. ಅವ ಗಾಲಿ ಬೂಟಿನಲ್ಲಿ ಗೋಲು ಕಾಯುತ್ತಿದ್ದ. ಅವನು ಅಷ್ಟು ನಕ್ಕದ್ದನ್ನು ನಾನು ನೋಡಿ ಯಾವ ಕಾಲವಾಗಿತ್ತೋ.

ಕಣ ನಮ್ಮೊಬ್ಬರದಲ್ಲ. ನಮಗೂ ನನ್ನ ಗಂಡನ ದೊಡ್ಡಪ್ಪನಿಗೂ ಸೇರಿದ್ದು. ಆ ದೊಡ್ಡಮಾವ ಬಂದರು. ಹಿಂದೆ ಓಣಿಯ ಮಂದಿ. ನಮ್ಮ ಕಡೆ ಕಣದೊಳಗೆ ಯಾರೂ ಕಾಲ್ಮರಿ ಹಾಕಿಕೊಂಡು ಕಾಲಿಡುವುದಿಲ್ಲ. ದೊರೆ ಬಂದರೂ ಚಪ್ಪಲಿ ಹೊರಗೆ.

"ಲೇ, ಕಾಲಾಗಿಂದು ತಗಿ. ಅನ್ನಾ ಬೀಳೋ ಜಾಗಾ ಇದು."

"ರಾಶಿ ಮುಗದೈತಿ ದೊಡ್ಡಪ್ಪ. ಕಣಾ ಖಾಲಿ ಐತಿ."

"ನಡಕ ಮೇಟಿಕಂಬ ನಿಂತೈತಿ, ಕಾಣಂಗಿಲ್ಲ? ಅದಕ್ಕ ಕಾಯಿ ಒಡದು ತಪ್ಪಾತು ಅಂತ ಅಡ್ಡ ಬೀಳು. ಈ ಹುಚ್ಚಾಟ ಇವತ್ತಿಗೆ ಮುಗೀತು. ಇಲ್ಲಂದ್ರ ನಿಮ್ಮ ತೆನಿ ಈ ಕಣದಾಗ ಬೀಳಂಗಿಲ್ಲ."

ಮೈದುನ ತಲೆ ತಗ್ಗಿಸಿದ. ಬಗ್ಗಿ ಬೂಟಿನ ಪಟ್ಟಿಗೆ ಕೈಹಾಕಿದ. ಈಗ ಬಿಚ್ಚಿದರೆ ಇವ ಇನ್ನೊಮ್ಮೆ ಕಟ್ಟುವುದಿಲ್ಲ ಎಂದು ನನಗೆ ಗೊತ್ತಾಯಿತು. ಮತ್ತೆ ಕೊಟ್ಟಿಗೆಯ ಬಾಗಿಲು, ಮತ್ತೆ ದನ.

ಆ ಹಿರಿಯರ ಮುಂದೆ ನಾನು ಅಲ್ಲಿಯವರೆಗೆ ಬಾಯಿ ತೆರೆದವಳಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಮುಂದೆ ಬಂದೆ.

"ಮಾವಾರ, ನಿಮ್ಮ ಎತ್ತಿನ ಕಾಲಾಗ ನಾಲಾ ಅದಾವೋ ಇಲ್ಲೋ?"

"ಅದಾವ. ಏನೀಗ?"

"ರಾಶಿ ತುಳಿಸೂಮುಂದ ಆ ಕಬ್ಬಿಣಾ ಕಿತ್ತು ಕಣಕ್ಕ ಬಿಡತೀರೇನು?"

ಹಿಂದಿನಿಂದ ಯಾರೋ ಕಿಸಕ್ಕೆಂದರು. ದೊಡ್ಡಮಾವನ ಕಣ್ಣು ಕೆಂಪಾಯಿತು.

"ಎತ್ತು ಬಸವಣ್ಣ ಐತಿ, ದುಡಿತೈತಿ. ಇವ ಆಡತಾನ. ನಿನ್ನ ಮೈದುನ ಎತ್ತೇನು?"

"ಎತ್ತಿನಂಗನ ದುಡದಾನ್ರಿ. ಮಳಕಾಲು ನೋಡ್ರಿ ಬೇಕಾದ್ರ. ಕುಂಟ ಆತು ಅಂತ ಸಂತಿಗೆ ಹೊಡೀರಿ ಮತ್ತ."

"ಹೆಣ್ಮಗಳಾಗಿ ಕಣದಾಗ ನಿಂತು ವಾದಾ ಮಾಡತಿ?"

"ವರ್ಷಾ ವರ್ಷಾ ಈ ಕಣಾ ಸಾರಸಾಕಿ ನಾನ ಅಲ್ಲೇನ್ರಿ?"

ಮೈದುನ ಬಿಚ್ಚಿದ್ದ ಪಟ್ಟಿ ಬಿಗಿದು ಕಟ್ಟಿದ. ಎದ್ದು ನಿಂತ. "ಕಾಯಿ ಒಡಿಯಂಗಿಲ್ಲ ದೊಡ್ಡಪ್ಪ. ನಾ ಏನೂ ತಪ್ಪು ಮಾಡಿಲ್ಲ" ಎಂದ. ಅಷ್ಟೇ.

ಮರುದಿನ ಕಣದ ನಡುವೆ ಜಾಲಿಮುಳ್ಳಿನ ಬೇಲಿ ಬಿತ್ತು. ಎತ್ತು ಕಟ್ಟಿ ರಾಶಿ ತುಳಿಸುವ ಮೇಟಿಕಂಬ ಅವರ ಪಾಲಿಗೆ ಹೋಯಿತು. ನನ್ನ ಗಂಡ ಉಣ್ಣುವಾಗ ಸಿಡುಕಿದರು, "ನಿನ್ನ ಬಾಯಿಂದ ಕಣಾ ಹೋಳಾತು."

"ಅರ್ಧಾ ಉಳೀತು ಅನ್ರಿ" ಎಂದೆ.

ಮೈದುನ ನಮ್ಮ ಅರ್ಧದಲ್ಲೇ ಆಟ ನಡೆಸಿದ. ಗೋಲು ಎಲ್ಲಿ ಇಟ್ಟುಕೊಂಡ ಗೊತ್ತೇ? ಬೇಕೆಂದೇ ಮುಳ್ಳುಬೇಲಿಯ ಮುಂದೆ, ಬೇಲಿಗೆ ಬೆನ್ನು ಕೊಟ್ಟು. ಅವನನ್ನು ದಾಟಿದ ಬಿಲ್ಲೆ ಮುಳ್ಳಿನಡಿ ತೂರಿ ದೊಡ್ಡಮಾವನ ಪಾಲಿಗೆ ಹೋಗುತ್ತಿತ್ತು, ಹೋದದ್ದು ತಿರುಗಿ ಬರುತ್ತಿರಲಿಲ್ಲ. "ಹೊಡೀರಿ ಬೇ! ದೊಡ್ಡಪ್ಪಗ ಒಂದೂ ಕೊಡಂಗಿಲ್ಲ" ಎಂದು ಹುಡುಗಿಯರಿಗೆ ಕೂಗುತ್ತಿದ್ದ. ಆಚೆ ದೊಡ್ಡಮಾವ ಹೊರಸು ಹಾಕಿಕೊಂಡು ಕೂಡುತ್ತಿದ್ದರು. ಒಂದಾದರೂ ಬರಲಿ ಎಂದು ಕಾಯುತ್ತಿದ್ದರು, ಬೇರೆ ಏನಿಲ್ಲ. ಒಂದು ದಿನ ನನ್ನ ಮಗಳ ಹೊಡೆತಕ್ಕೆ ಒಂದು ಹೋಯಿತು. ಅವರು ಅದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಅಲುಗಾಡುವ ಹೊರಸಿನ ಕಾಲಿಗೆ ಒತ್ತು ಕೊಟ್ಟುಕೊಂಡರು. ಬಿಲ್ಲೆಯಿಂದ ಹೊರಸಾದರೂ ನೆಟ್ಟಗಾಯಿತಲ್ಲ ಎಂದು ಮೈದುನ ಹೊಟ್ಟೆ ಹಿಡಿದು ನಕ್ಕ.

ಮುಂದಿನ ಸುಗ್ಗಿಗೆ ಮೇಟಿ ಇಲ್ಲದ ನಮ್ಮ ಅರ್ಧ ಕಣದಲ್ಲೇ ತೆನೆ ಹಾಕಿ, ಮೇಲೆ ಕಲ್ಲಿನ ರೂಲು ಎಳೆಸಿದೆವು. ಜೋಳ ಬಂತು. ಅನ್ನ ಮುನಿಯಲಿಲ್ಲ.

ಆಟ ಬಹಳ ವರ್ಷ ನಡೆಯಿತು... ಹುಡುಗಿಯರು ಒಬ್ಬೊಬ್ಬರೇ ಮದುವೆಯಾಗಿ ಹೋದರು, ಅವರ ತಂಗಿಯರು ಬಂದರು. ಯಾರೂ ದೊಡ್ಡ ಆಟಗಾರ್ತಿ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ನನ್ನ ಮಗಳು ಮುದ್ದೇಬಿಹಾಳದಲ್ಲಿ ಬಸ್ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಯಾರ ಮೊಣಕೈಗೂ ಅವಳು ಸರಿಯುವುದಿಲ್ಲ. ಅಷ್ಟು ಕಲಿತಳು.

ಒಂದು ಸಂಜೆ ಮೈದುನ ಕಣದಿಂದ ಬಂದು ಗಾಲಿ ಬೂಟನ್ನು ಗೂಟಕ್ಕೆ ಹಾಕಿದ. ಯಾರೂ ಏನೂ ಅಂದಿರಲಿಲ್ಲ. ಬೇಲಿಯ ಆಚೆಯ ಹಿರಿಯರೂ ಆಗ ಇರಲಿಲ್ಲ, ಮುಳ್ಳು ಕೂಡ ಮಣ್ಣಾಗಿತ್ತು.

"ಇನ್ನ ಸಾಕು ವೈನಿ" ಎಂದ.

"ಸಾಕಂದ್ರ ಸಾಕು. ಕೈಕಾಲು ತೊಳಕೊಂಡು ಬಾ, ರೊಟ್ಟಿ ಆರತಾವ."

ಹೋದ ವರ್ಷ ಹೋಗಿಬಿಟ್ಟ. ಎದೆ ನೋವು ಅಂದ, ಸಿಂದಗಿ ದವಾಖಾನೆ ಮುಟ್ಟಲಿಲ್ಲ. ನನ್ನ ಗಂಡ ಅವನಿಗಿಂತ ಮೊದಲೇ ಹೋಗಿದ್ದರು. ನನ್ನನ್ನು ವೈನಿ ಎಂದು ಕರೆಯುವವರು ಈ ಮನೆಯಲ್ಲಿ ಈಗ ಯಾರೂ ಇಲ್ಲ. ಅಜ್ಜಿ ಅನ್ನುತ್ತಾರೆ, ಅತ್ತಿ ಅನ್ನುತ್ತಾರೆ. ಓಗೊಡುತ್ತೇನೆ.

ಗೋಡೆಗೆ ಫೋಟೋ ಹಾಕುವಾಗ ಎಲ್ಲರೂ ಮಿಲಿಟರಿ ಡ್ರೆಸ್ಸಿನದು ಹಾಕಿ, ಮರ್ಯಾದೆ ಇರುತ್ತದೆ ಎಂದರು. ನಾನು ಅವನ ಟ್ರಂಕಿನಿಂದ ಬೇರೆಯದನ್ನು ತೆಗೆದೆ. ಬರ್ಫದ ಮೇಲೆ ಕೋಲು ಹಿಡಿದು ನಿಂತಿದ್ದಾನೆ, ಮುಖದ ಮೇಲೆ ಕಬ್ಬಿಣದ ಜಾಳಿಗೆ. ಪಕ್ಕದಲ್ಲಿ ಹಲ್ಲಿಲ್ಲದ ಆ ವಸ್ತಾದ ನಗುತ್ತಿದ್ದಾನೆ. ದೊಡ್ಡಮಾವನ ಸೊಸೆ ಮೂಗು ಮುರಿದಳು, "ಇದರಾಗ ಮಾರೀನ ಕಾಣವಲ್ದಲ್ಲಕ್ಕಾ. ಯಾರಂತ ತಿಳೀಬೇಕು?"

"ಕೇಳಿದ್ರ ನಾ ಹೇಳತೇನಿ" ಎಂದೆ.

ಮೊನ್ನೆ ಕರೆಂಟಿನ ಮೀಟರ್ ನೋಡಲು ಬಂದವನು ಕೇಳಿದ, "ಯಾರ್ರೀ ಅಮ್ಮಾ ಇವರು?"

"ನಮ್ಮ ಮೈದುನ. ಆಟಗಾರ."

"ಮಿಲಿಟರಿಯಾಗ ಇದ್ರು ಅಂತಾರಲ್ರಿ?"

"ಅಲ್ಲೂ ಇದ್ದ" ಎಂದೆ.